ದೋಷ ಹೇಳಿ ಮಾರಬೇಕು

ನಮ್ಮ ಮನೆಯವರ ಬೈಕನ್ನು ನೋಡಿದವರು ಯಾರೂ ಅದು ಹಳೆಯದೆಂದು ಒಪ್ಪುತ್ತಿರಲಿಲ್ಲ. ಕಪ್ಪು ಬಣ್ಣ, ಟ್ಯಾಂಕಿನ ಮೇಲೊಂದು ಕೆಂಪು ಪಟ್ಟಿ. ಕೊಂಡ ದಿನ ಹೇಗಿತ್ತೋ ಹಾಗೇ ಇತ್ತು. ಭಾನುವಾರ ಬೆಳಿಗ್ಗೆ ಇವರು ಲುಂಗಿ ಎತ್ತಿಕಟ್ಟಿ, ಬಕೆಟ್ಟಿನಲ್ಲಿ ಶಾಂಪೂ ನೊರೆ ಎಬ್ಬಿಸಿ ಕೂತರೆಂದರೆ ಮುಗಿಯಿತು, ದೋಸೆ ಆರಿ ಚರ್ಮವಾದರೂ ಏಳುತ್ತಿರಲಿಲ್ಲ. ನಾನು ಮನೆಯಲ್ಲೇ ಬ್ಲೌಸ್ ಹೊಲಿಯುವವಳು. ಲೈನಿಂಗ್ ಬಟ್ಟೆಯ ಚೂರುಗಳಲ್ಲಿ ಮೆತ್ತಗಿರುವುದನ್ನೆಲ್ಲ ಆರಿಸಿ ಚಕ್ರದ ಕಡ್ಡಿ ಒರೆಸಲು ಎತ್ತಿಟ್ಟುಕೊಳ್ಳುತ್ತಿದ್ದರು. ನನ್ನ ತಲೆಗೆ ಒಂದು ದಿನ ಎಣ್ಣೆ ಹಚ್ಚಿದ ಮನುಷ್ಯನಲ್ಲ, ಚೈನಿಗೆ ಮಾತ್ರ ತಪ್ಪದೆ ಹಚ್ಚುತ್ತಿದ್ದರು.

ಇಂಥ ಗಾಡಿ ಮಾರಾಟಕ್ಕಿದೆ ಅಂದರೆ ಜನ ಸಾಲುಗಟ್ಟಿ ಬರಬೇಕಲ್ಲವೇ? ಬಂದರು. ಬಂದವರೆಲ್ಲ ಹಾಗೇ ವಾಪಸು ಹೋದರು. ಯಾಕೆ ಹೋದರು ಎಂದು ತಿಳಿದ ದಿನ ನನಗೆ ಬಂದ ಸಿಟ್ಟು ಈಗಲೂ ಪೂರ್ತಿ ಇಳಿದಿಲ್ಲ. ಈಗ ಸಿಟ್ಟಿನ ಜೊತೆ ನಗುವೂ ಬರುತ್ತದೆ, ಅಷ್ಟೇ ವ್ಯತ್ಯಾಸ.

ಇವರು ಡ್ರಿಲ್ ಮೇಷ್ಟ್ರಾಗಿದ್ದವರು. ಮನೆ ಶಿಕಾರಿಪುರದಲ್ಲಿ, ಕೆಲಸ ತೊಗರ್ಸಿ ಕಡೆಯ ಹೈಸ್ಕೂಲಿನಲ್ಲಿ. ಬಸ್ಸಿಗೆ ಕಾದರೆ ಪ್ರಾರ್ಥನೆಗೆ ತಡವಾಗುತ್ತದೆ, ಸಾವಧಾನ್ ಎಂದು ಕೂಗಬೇಕಾದವನೇ ಓಡಿಕೊಂಡು ಬಂದರೆ ಹುಡುಗರು ನಗುತ್ತಾರೆ ಎಂದು ಸಾಲ ಮಾಡಿ ಈ ಬೈಕು ತೆಗೆದದ್ದು. ನಿವೃತ್ತಿಯಾದ ಮೇಲೂ ಅದನ್ನು ಬಿಡಲಿಲ್ಲ. ಹಾಲು ತರಲು ಬೈಕು, ಕ್ಷೌರಕ್ಕೆ ಬೈಕು, ನಾಲ್ಕು ಮನೆ ಆಚೆಗಿನ ಗೆಳೆಯನ ಜೊತೆ ಹರಟಲು ಬೈಕು. ನಡೆದು ಹೋಗಿ ಅಂದರೆ, "ಇಂಜಿನ್ ಬಿಸಿ ಮಾಡ್ಬೇಕಲ್ಲ" ಎನ್ನುತ್ತಿದ್ದರು.

ಮಾರುವ ಮಾತು ಬಂದದ್ದು ಮೆಕ್ಕೆಜೋಳದಿಂದ. ಹೋದ ವರ್ಷ ಜೋಳ ಒಕ್ಕುವ ಕಾಲದಲ್ಲಿ ಒಂದು ಗೃಹಪ್ರವೇಶಕ್ಕೆ ಹೊರಟಿದ್ದೆವು. ನಾನು ರೇಷ್ಮೆ ಸೀರೆ ಉಟ್ಟು ಹಿಂದೆ ಕೂತಿದ್ದೆ. ನಮ್ಮ ಕಡೆ ಗೊತ್ತಲ್ಲ, ಜೋಳ ಒಣಗಿಸಲು ಡಾಂಬರು ರಸ್ತೆಗಿಂತ ಒಳ್ಳೆಯ ಕಣ ಇಲ್ಲ. ಎಡಬದಿಗೆ ಉದ್ದಕ್ಕೂ ಹರವಿದ್ದರು. ಹಾಡುಹಗಲು, ಬಿಸಿಲಿಗೆ ಜೋಳ ಕಣ್ಣು ಕುಕ್ಕುವಂತೆ ಹೊಳೆಯುತ್ತಿತ್ತು. ಇವರು ನೆಟ್ಟಗೆ ಅದರೊಳಕ್ಕೇ ನುಗ್ಗಿಸಿದರು. ಬೈಕು ಜಾರಿತು, ನಾವಿಬ್ಬರೂ ಜೋಳದ ಮೇಲೆ ಕೂತೆವು.

ಕಾಲಲ್ಲಿ ಜೋಳ ತಿರುವಿಹಾಕುತ್ತಿದ್ದ ಹೆಂಗಸು ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಬಂದಳು. "ಏನ್ ಯಜಮಾನ್ರೆ, ಇಷ್ಟುದ್ದ ಹರವೇವಿ, ಕಾಣಂಗಿಲ್ಲೇನ್ರಿ ನಿಮಗ?"

"ರೋಡಿನ ಮ್ಯಾಲೆ ಜೋಳ ಹರವಾಕೆ ಯಾರು ಹೇಳಿದ್ದು ನಿಮಗೆ?" ಎಂದು ಇವರು ಬಿದ್ದಲ್ಲಿಂದಲೇ ದಬಾಯಿಸಿದರು.

ಏನೂ ಪೆಟ್ಟಾಗಿರಲಿಲ್ಲ. ಗೃಹಪ್ರವೇಶದ ಮನೆಯಲ್ಲಿ ನಾನು ಊಟಕ್ಕೆ ಕೂತಾಗ ಸೀರೆಯ ನೆರಿಗೆಯಿಂದ ಜೋಳದ ಕಾಳು ಉದುರಿ ಪಕ್ಕದವರ ಎಲೆಗೆ ಹೋದವು. ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ ಆ ಹೆಂಗಸು ಕೇಳಿದ್ದು ಸರಿಯಾದ ಪ್ರಶ್ನೆ. ಇವರಿಗೆ ಆ ಜೋಳ ಕಂಡಿರಲೇ ಇಲ್ಲ.

ಶಿವಮೊಗ್ಗದಲ್ಲಿರುವ ಮಗಳು ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಡಾಕ್ಟರು ಬಿಡಿಸಿ ಹೇಳಿದರು. ಕಣ್ಣೊಳಗೆ ಒತ್ತಡ ಏರಿ ನರ ಸೊರಗಿದೆ, ಎಡಪಕ್ಕದಿಂದ ಬರುವುದು ಇವರಿಗೆ ಕಾಣುವುದಿಲ್ಲ, ಹೋದ ದೃಷ್ಟಿ ತಿರುಗಿ ಬರುವುದಿಲ್ಲ. ಹನಿ ಹಾಕಿಕೊಂಡು ಇರುವುದನ್ನು ಉಳಿಸಿಕೊಳ್ಳಬೇಕು, ಗಾಡಿ ಓಡಿಸುವುದನ್ನು ಇವತ್ತೇ ಬಿಡಬೇಕು. ಇವರು ಒಳ್ಳೆಯ ವಿದ್ಯಾರ್ಥಿಯ ಹಾಗೆ ತಲೆಯಾಡಿಸಿ ಹೊರಗೆ ಬಂದು, "ಡಾಕ್ಟ್ರು ಇನ್ನೂ ಸಣ್ಣ ಹುಡುಗ ಅದಾನೆ" ಎಂದರು. "ನಂಗೆ ಮುಂದಿಂದು ಎಲ್ಲಾ ಕಾಣ್ತತೆ. ನಾನೇನು ಪಕ್ಕಕ್ಕೆ ನೋಡ್ಕಂಡು ಗಾಡಿ ಹೊಡೀತೀನಾ?"

ನಾನು ಮಾತು ಬಿಟ್ಟೆ. ನನ್ನ ಬಾಯಿ ಜೋರು ಎಂದು ಇಡೀ ಓಣಿಗೆ ಗೊತ್ತು, ಅದು ಮುಚ್ಚಿದರೆ ಮನೆಯಲ್ಲಿ ಇರುವುದು ಕಷ್ಟ ಎಂಬುದು ಇವರೊಬ್ಬರಿಗೇ ಗೊತ್ತು. ಕೊನೆಗೆ ಇವರೇ ಬಗ್ಗಿದರು. "ಆಯ್ತು, ಮಾರಾಣ. ಆದ್ರೆ ಒಳ್ಳೆ ಕೈಗೆ ಹೋಗ್ಬೇಕು. ಮಾರಾ ತನಕ ನಾನೇ ಓಡಿಸ್ತೀನಿ. ನಿಲ್ಸಿಟ್ರೆ ಗಾಡಿ ಕೆಡ್ತತೆ."

ನಾನು ಒಪ್ಪಿಕೊಂಡೆ. ಒಳ್ಳೆಯ ಗಾಡಿ, ವಾರದೊಳಗೆ ಹೋಗುತ್ತದೆ ಎಂಬ ಧೈರ್ಯ. ಆ ಒಪ್ಪಂದದ ಅರ್ಥ ಆಮೇಲೆ ತಲೆಗೆ ಹತ್ತಿತು. ಬೈಕು ಮಾರಾಟವಾಗದೆ ಉಳಿದ ಒಂದೊಂದು ದಿನವೂ ಇವರು ಹೊರಗೆ ಹೋಗುತ್ತಾರೆ, ವಾಪಸು ಬರುತ್ತಾರೋ ಇಲ್ಲವೋ ಎಂದು ನಾನು ಬಾಗಿಲು ನೋಡುತ್ತ ಕೂರಬೇಕು.

ಮಗಳು ಫೋಟೋ ತೆಗೆದು ಫೋನಿನಲ್ಲಿ ಹಾಕಿದಳು. ಮೊದಲು ಬಂದವನು ಇಲ್ಲೇ ಅಕ್ಕಿ ಗಿರಣಿಯಲ್ಲಿ ಗುಮಾಸ್ತ. ಗಾಡಿಯ ಸುತ್ತ ಒಂದು ಪ್ರದಕ್ಷಿಣೆ ಹಾಕಿ, "ಇದೇನ್ ಮೇಷ್ಟ್ರೇ, ಶೋರೂಮಿಂದ ಈಗ ತಂದಂಗೈತಲ್ಲ!" ಎಂದ. ನನಗೆ ಖುಷಿಯಾಯಿತು. ಕಾಫಿ ಮಾಡಲು ಎದ್ದೆ. ಆಗ ಇವರು ಗಂಟಲು ಸರಿಮಾಡಿಕೊಂಡು, "ನೋಡಪ್ಪ, ನಮ್ಮ ಮನೆತನದಾಗೆ ಒಂದು ಪದ್ಧತಿ ಐತೆ. ದೋಷ ಹೇಳ್ದೆ ಏನೂ ಮಾರಲ್ಲ. ಬಾ ಈ ಕಡೆ" ಎಂದು ಗಾಡಿ ತಳ್ಳಿಕೊಂಡು ಬೇವಿನ ಮರದ ಕೆಳಗೆ ಕರೆದೊಯ್ದರು.

ಪದ್ಧತಿ ಇರುವುದು ನಿಜ. ನಮ್ಮ ಮಾವ ಎತ್ತು ಸಾಕಿ, ಪಳಗಿಸಿ ಮಾರುತ್ತಿದ್ದವರು. ಮುಂಗಡ ಮುಟ್ಟುವ ಮೊದಲು ಎತ್ತಿನ ಬೆನ್ನ ಮೇಲೆ ಕೈಯಿಟ್ಟು ಅದರ ದೋಷವನ್ನು ತಾವೇ ಬಾಯಿಬಿಟ್ಟು ಹೇಳುತ್ತಿದ್ದರು. ಒದೆಯುತ್ತದೆ, ನೀರು ಕಂಡರೆ ಬೆದರುತ್ತದೆ, ನೊಗಕ್ಕೆ ಬಲಗಡೆಗೇ ಕಟ್ಟಬೇಕು, ಹೀಗೆ ಏನಿದೆಯೋ ಅದು. ಹೇಳಿದ ದೋಷಕ್ಕೆ ಕೊಂಡವನು ಆಮೇಲೆ ತಕರಾರು ತೆಗೆಯುವ ಹಾಗಿಲ್ಲ. ಮುಚ್ಚಿಟ್ಟದ್ದು ಹೊರಗೆ ಬಂದರೆ ಮಾರಿದವನೇ ಹೋಗಿ ಎತ್ತು ಹೊಡೆದುಕೊಂಡು ಬರಬೇಕು. ನಾನು ಸೊಸೆಯಾಗಿ ಬಂದ ಹೊಸದರಲ್ಲಿ ಮಾವ ಹಾಗೆ ಹೇಳುವುದನ್ನು ಕಿಟಕಿಯಿಂದ ನೋಡಿ, ಎಂಥ ನ್ಯಾಯವಂತರ ಮನೆಗೆ ಬಂದೆ ಎಂದು ಹಿಗ್ಗಿದ್ದೆ. ಈಗ ಮಗನೂ ಅದನ್ನೇ ಬೈಕಿಗೆ ಮಾಡುತ್ತಿದ್ದಾರಲ್ಲ ಎಂದು ಒಂದು ಚಮಚ ಸಕ್ಕರೆ ಜಾಸ್ತಿಯೇ ಹಾಕಿ ಕಾಫಿ ತಂದೆ.

ಕಾಫಿ ತರುವಷ್ಟರಲ್ಲಿ ಗುಮಾಸ್ತ ಗೇಟಿನ ಹತ್ತಿರ ನಿಂತು ಚಪ್ಪಲಿ ಮೆಟ್ಟುತ್ತಿದ್ದ. "ಮನ್ಯಾಗ ಕೇಳಿ ಹೇಳ್ತೀನ್ರಿ ಅಮ್ಮಾರೆ" ಎಂದು ಹೋದವನು ಮತ್ತೆ ಫೋನು ಎತ್ತಲಿಲ್ಲ.

ಆಮೇಲೆ ಈಸೂರಿನಿಂದ ಒಬ್ಬ ರೈತ ಬಂದ. ಅವನೂ ಟ್ಯಾಂಕು ಸವರಿದ, ಬೇವಿನ ಮರದ ಕೆಳಗೆ ಹೋದ, ಮುಖ ಇಳಿಸಿಕೊಂಡು ಬಂದ. ಹೊಸದಾಗಿ ಮದುವೆಯಾದವನೊಬ್ಬ ಹೆಂಡತಿಯನ್ನೂ ಕರೆದುಕೊಂಡು ಬಂದಿದ್ದ. ಮರದ ಕೆಳಗೆ ಮಾತು ಮುಗಿದ ಮೇಲೆ ಆ ಹುಡುಗಿ ಬೈಕಿನಿಂದ ಎರಡು ಹೆಜ್ಜೆ ಹಿಂದೆ ಸರಿದು, ನನ್ನ ಕಡೆ ಅಯ್ಯೋ ಪಾಪ ಎನ್ನುವ ಹಾಗೆ ನೋಡಿದಳು. ನನಗೆ ಏನೂ ಅರ್ಥವಾಗಲಿಲ್ಲ.

ಯಾರದೋ ಕಣ್ಣು ತಾಗಿದೆ ಎಂದುಕೊಂಡೆ. ಒಣಮೆಣಸಿನಕಾಯಿ, ಉಪ್ಪು ಹಿಡಿದು ಬೈಕಿಗೆ ನಿವಾಳಿಸಿ ಕೆಂಡಕ್ಕೆ ಹಾಕಿದೆ. ಓಣಿಯೆಲ್ಲ ಕೆಮ್ಮಿತು. ಇವರು ಮೂಗಿಗೆ ಟವೆಲ್ ಹಿಡಿದು ನಿಂತು ನೋಡಿ, "ಇನ್ನೆರಡು ಕಾಯಿ ಹಾಕು, ಘಾಟು ಸಾಲ್ದು" ಎಂದರು. ಎಂಥ ಕಳ್ಳ ನೋಡಿ!

ಗುಟ್ಟು ಬಯಲಾದದ್ದು ನನ್ನ ಹೊಲಿಗೆಯ ಕೋಣೆಯಲ್ಲಿ. ಈಸೂರಿನ ಆ ರೈತನ ಹೆಂಡತಿ ನನ್ನ ಹತ್ತಿರವೇ ಬ್ಲೌಸ್ ಹೊಲಿಸುವವಳು. ಅಳತೆ ಕೊಡಲು ನಿಂತಿದ್ದಳು, ನನ್ನ ತುಟಿಯಲ್ಲಿ ಎರಡು ಗುಂಡುಪಿನ್ನು. "ಯಕ್ಕ, ಬ್ಯಾಸರ ಮಾಡ್ಕಾಬ್ಯಾಡ್ರಿ. ಗಾಡಿ ನಮ್ಮನೆಯವ್ರಿಗೆ ಭಾಳ ಮನಸಿಗೆ ಬಂದಿತ್ತು. ಆದ್ರ ಅಷ್ಟು ರೋಗ ಇರೋ ಗಾಡಿ ತಗಂಡು ಏನ್ ಮಾಡಾದು ಹೇಳ್ರಿ?"

ಪಿನ್ನು ತೆಗೆದೆ. "ರೋಗವಾ? ಯಾವ ರೋಗ?"

"ಮೇಷ್ಟ್ರೇ ಹೇಳಿದ್ರಂತಲ್ರಿ, ಟ್ಯಾಂಕಿನ ಮ್ಯಾಲೆ ಕೈಯಿಟ್ಟು. ನಾಕು ಹನಿ ಮಳಿ ಬಿದ್ರೆ ನಿಂತಬಿಡ್ತತಂತೆ. ಏರು ಬಂದ್ರೆ ಹಿಂದಕ್ಕ ಜಗ್ತತಂತೆ. ಹೆಂಗಸ್ರು ಹಿಂದೆ ಕುಂತ್ರಂತೂ ಚಕ್ರ ಅತ್ತಾಗಿತ್ತಾಗ ಹರಿದಾಡ್ತತಂತೆ. ನಿಮ್ಮನ್ನೂ ಒಂದಪ ಜೋಳದ ಮ್ಯಾಲೆ ಕೆಡವಿತ್ತಂತಲ್ರಿ!" ಅವಳು ನನ್ನ ಕೈ ಹಿಡಿದುಕೊಂಡಳು. "ಏನೇ ಅನ್ರಿ ಯಕ್ಕ, ನಿಮ್ಮೆಜಮಾನ್ರು ಸತ್ಯವಂತರು. ಈ ಕಾಲದಾಗ ಯಾರು ಹೇಳ್ತಾರ್ರಿ ಹಿಂಗೆ?"

ಸತ್ಯವಂತರಂತೆ! ಅವಳನ್ನು ಕಳಿಸುವವರೆಗೆ ತುಟಿ ಕಚ್ಚಿಕೊಂಡು ನಿಂತೆ. ತೋಳಿನ ಅಳತೆಯನ್ನು ಸೊಂಟಕ್ಕೆ ಬರೆದುಕೊಂಡಿದ್ದೆ ಎಂದು ಆಮೇಲೆ ಗೊತ್ತಾಯಿತು.

ಹೊರಗೆ ಬಂದರೆ ಸತ್ಯವಂತರು ಸ್ಟೂಲಿನ ಮೇಲೆ ಕೂತು ಸೈಲೆನ್ಸರ್ ಉಜ್ಜುತ್ತಿದ್ದರು. "ಮಳೆ ಬಂದ್ರೆ ನಿಲ್ತದಂತೆ ಹೌದಾ ನಿಮ್ಮ ಗಾಡಿ?" ಎಂದೆ. ಉಜ್ಜುವ ಕೈ ನಿಂತಿತು.

"ದೋಷ ಹೇಳಾದು ನಮ್ಮ ಮನೆತನದ..."

"ಇರೋ ದೋಷ ಹೇಳೋದು ನಿಮ್ಮ ಮನೆತನದ ಪದ್ಧತಿ. ಇಲ್ಲದ್ದನ್ನ ಹುಟ್ಟಿಸೋದು ಯಾರ ಪದ್ಧತಿ? ನಿಮ್ಮಪ್ಪ ಬದುಕಿದ್ರೆ ಬಾರುಕೋಲು ತಗೊಳ್ತಿದ್ರು. ಹೆಂಗಸು ಹಿಂದೆ ಕೂತ್ರೆ ಚಕ್ರ ಹರಿದಾಡ್ತದಾ? ನಾನು ಕೂತು ಕೂತು ಆ ಸೀಟು ಸವೆದದೆ, ಒಂದು ದಿನ ಹರಿದಾಡಿತ್ತಾ? ಜೋಳದ ಮೇಲೆ ಕೆಡವಿದ್ದು ಗಾಡಿಯಾ ಮಾರಾಯ್ರೆ?"

ಇವರು ಎದ್ದು ನಿಂತರು. ಕೂಗುತ್ತಾರೆ ಎಂದುಕೊಂಡೆ. ಕೂಗಲಿಲ್ಲ. ಕೈಯಲ್ಲಿದ್ದ ಬಟ್ಟೆ ಚೂರನ್ನು ಮಡಿಸುತ್ತ, "ಗಾಡಿ ಮಾರಿದ್ರೆ ಊರಿಗೆಲ್ಲ ಗೊತ್ತಾಗ್ತತೆ ಕಣೇ, ಮೇಷ್ಟ್ರಿಗೆ ಕಣ್ಣು ಕಾಣಲ್ಲ ಅಂತ" ಎಂದರು. "ನಾಳೆ ದಾರೀಲಿ ಯಾವನಾದ್ರೂ ಹಳೇ ಹುಡುಗ ಸಿಕ್ಕಿ ನನ್ನ ಕೈ ಹಿಡ್ಕಂಡು ರೋಡ್ ದಾಟಿಸ್ತಾನೆ."

ಈಗ ಯೋಚಿಸಿದರೆ ಆ ಮಾತಿಗೆ ಕರುಳು ಚುರ್ರೆನ್ನುತ್ತದೆ. ಆಗ ನನಗೆ ಅದೆಲ್ಲ ಕೇಳುವ ತಾಳ್ಮೆ ಎಲ್ಲಿತ್ತು? "ದಾಟಿಸ್ಲಿ ಬಿಡಿ! ಊರಿಗೆ ಗೊತ್ತಾಗಬಾರ್ದು ಅಂತ ಸಾಯ್ತೀರಾ ನೀವು?" ಎಂದು ಕಿರುಚಿದೆ. ಇವರು ಕಿಕ್ಕರ್ ಹೊಡೆದು ಹೊರಟೇ ಹೋದರು. ಗಾಡಿ ಒಂದೇ ಕಿಕ್ಕಿಗೆ ಸ್ಟಾರ್ಟ್ ಆಯಿತು, ಅದೊಂದು ಹೊಟ್ಟೆಯುರಿ ಬೇರೆ.

ಆ ಮಧ್ಯಾಹ್ನ ನಾನು ಹೊಲಿಗೆ ಮೆಷಿನ್ನಿನ ಮುಂದೆ ಕೂತಿದ್ದೆ, ಹೊಲಿಯಲಿಲ್ಲ. ಸೂಜಿಗೆ ದಾರ ಪೋಣಿಸಲಾಗಲಿಲ್ಲ. ಬೀದಿಯಲ್ಲಿ ಯಾವ ಬೈಕು ಸದ್ದು ಮಾಡಿದರೂ ಎದ್ದು ನಿಲ್ಲುತ್ತಿದ್ದೆ. ನನ್ನ ಮಾತೇ ಕೊನೆಯ ಮಾತಾಗಿಬಿಟ್ಟರೆ ಎಂದು ಹೆದರಿ ಅತ್ತೆ. ದೇವರ ಮುಂದೆ ನಿಂತು, ಇವರು ನೆಟ್ಟಗೆ ಮನೆ ಸೇರಿದರೆ ಸಾಕು, ಒಂದು ವಾರ ಬೈಯುವುದಿಲ್ಲ ಎಂದು ಹರಕೆ ಹೊತ್ತೆ.

ಬಿಸಿಲು ಇಳಿಯುವ ಹೊತ್ತಿಗೆ ಬಂದರು. ಬೈಕು ಹತ್ತಿಕೊಂಡು ಬರಲಿಲ್ಲ, ತಳ್ಳಿಕೊಂಡು ಬಂದರು. ಎಡಗೈಯ ಗೆಣ್ಣುಗಳ ಚರ್ಮ ಕಿತ್ತು ರಕ್ತ ಹೆಪ್ಪುಗಟ್ಟಿತ್ತು. ರಸ್ತೆ ಬದಿ ಟ್ರ್ಯಾಕ್ಟರಿನ ಟ್ರೇಲರ್ ನಿಂತಿತ್ತಂತೆ, ಅದರ ಮೂಲೆಗೆ ಕೈ ಉಜ್ಜಿತಂತೆ. ಇನ್ನು ನಾಲ್ಕು ಬೆರಳು ಈಚೆಗೆ ಬಂದಿದ್ದರೆ ಭುಜ, ಇನ್ನೂ ಈಚೆಗೆ ಬಂದಿದ್ದರೆ ತಲೆ.

"ಗಾಡಿಗೆ ಏನೂ ಆಗಿಲ್ಲ" ಎಂದರು.

ನನ್ನ ಹರಕೆ ಅಲ್ಲಿಗೇ ಮುರಿದು ಬಿತ್ತು. ಗಾಯ ತೊಳೆಯುತ್ತ ಬೈದೆ, ಅರಿಶಿನ ಹಚ್ಚುತ್ತ ಬೈದೆ, ಅಳುತ್ತ ಬೈದೆ. "ಗಾಡಿಗೆ ಏನೂ ಆಗಿಲ್ಲ ಅನ್ನೋ ಮಾತು ಇನ್ನೊಂದ್ಸಲ ಈ ಬಾಯಲ್ಲಿ ಬಂದ್ರೆ ನೋಡಿ!" ಇವರು ಕೈ ಚಾಚಿಕೊಂಡು ಕೂತಿದ್ದರು. ಟ್ರೇಲರ್ ಕಾಣಲಿಲ್ಲ ಎಂದು ಮಾತ್ರ ಹೇಳಲಿಲ್ಲ. ಅದಕ್ಕೆ ಹಿಂದೆ ಕೆಂಪು ದೀಪ ಇರಲಿಲ್ಲವಂತೆ. ಹಾಡುಹಗಲಲ್ಲಿ ಕೆಂಪು ದೀಪ ಬೇಕಿತ್ತಂತೆ! ಆದರೂ ರಾತ್ರಿ ಊಟಕ್ಕೆ ಮುಂಚೆ ಎರಡೂ ಕೀಲಿಕೈ ತಂದು ನನ್ನ ಮೆಷಿನ್ನಿನ ಮೇಲಿಟ್ಟರು.

ಇನ್ನು ಇವರನ್ನು ನಂಬಿ ಕೂತರೆ ಆಗದು ಎಂದು ನಾನೇ ಗಿರಾಕಿ ಹುಡುಕಿದೆ. ನನ್ನ ತವರು ಸೊರಬದ ಕಡೆ. ಅಲ್ಲಿಯ ಒಬ್ಬಾತ ಹೊಲಿಗೆ ಮೆಷಿನ್ ರಿಪೇರಿ ಮಾಡುತ್ತಾನೆ, ನನ್ನ ಮೆಷಿನ್ನಿಗೂ ಅವನೇ. ಅಕ್ಕ ಅಕ್ಕ ಎಂದು ಬರುತ್ತಾನೆ. ಅವನ ಬೈಕು ಪೂರ್ತಿ ಕೈಕೊಟ್ಟು, ಸಾಮಾನಿನ ಚೀಲ ಹೊತ್ತು ಬಸ್ಸಿನಲ್ಲಿ ಹಳ್ಳಿ ಸುತ್ತುತ್ತಿದ್ದ. ಫೋನು ಮಾಡಿದೆ. "ಮೇಷ್ಟ್ರ ಗಾಡಿಯಾ ಅಕ್ಕ? ನಿಜವಾಗ್ಲೂ ಕೊಡ್ತಾರಾ? ಅದ್ರ ಮೇಲೆ ನಂಗೆ ಯಾವಾಗಿಂದ ಆಸೆ ಅದೆ ಗೊತ್ತಾ?" ಎಂದ. ಶುಕ್ರವಾರ ಬರುತ್ತೇನೆ ಎಂದ. ಶುಕ್ರವಾರ ಮನೆಯ ಗಾಡಿ ಹೊರಗೆ ಕೊಡುವುದಿಲ್ಲ ಎಂದೆ. ಹಾಗಾದರೆ ಶನಿವಾರ ಎಂದ. ಹಿಂದಿನಿಂದ ಅವನ ತಾಯಿಯ ದನಿ ಕೇಳಿತು, "ಶನಿವಾರ ಕಬ್ಬಿಣ ಮನೆಗೆ ತರ್ತಾರನಾ?" ಕೊನೆಗೆ ಭಾನುವಾರಕ್ಕೆ ನಿಂತಿತು. ಇನ್ನೊಂದು ಷರತ್ತು ಹಾಕಿದ. ಗಾಡಿ ಮೊದಲು ಸೊರಬಕ್ಕೆ, ಅವರ ಮನೆ ಬಾಗಿಲಿಗೆ ಬರಬೇಕು. ತಾಯಿ ನೋಡಿ ಆರತಿ ಎತ್ತಿದ ಮೇಲೇ ಮುಂಗಡ.

ಭಾನುವಾರ ಅವನು ಬಸ್ಸಿನಲ್ಲಿ ಬರುವಷ್ಟರಲ್ಲಿ ಇವರು ಗಾಡಿ ತೊಳೆದು, ಒರೆಸಿ, ಟೈರಿನ ಸಂದಿನ ಕಲ್ಲನ್ನೂ ಕಡ್ಡಿಯಿಂದ ಕಿತ್ತು ನಿಲ್ಲಿಸಿದ್ದರು. ಅವನು ಓಡಿಸಬೇಕು, ಇವರು ಹಿಂದೆ ಕೂರಬೇಕು, ನಾನು ಬಸ್ಸಿಗೆ ಹೋಗಬೇಕು ಎಂದು ತೀರ್ಮಾನವಾಯಿತು. ನಾನು ಮದುವೆಯಾಗಿ ಬಂದ ಮೇಲೆ ಇವರು ಇನ್ನೊಬ್ಬರ ಹಿಂದೆ ಕೂತದ್ದನ್ನು ನೋಡಿರಲಿಲ್ಲ. ಹಿಂದೆ ಕೂತು ಕೈ ಎಲ್ಲಿಡಬೇಕು ಎಂದು ಗೊತ್ತಾಗದೆ ಮೊದಲು ಅವನ ಹೆಗಲ ಮೇಲಿಟ್ಟು, ತೆಗೆದು, ತೊಡೆಯ ಮೇಲಿಟ್ಟುಕೊಂಡರು. "ಹುಷಾರು, ಬೀಳ್ತೀರಿ, ಹಿಡ್ಕಳಿ" ಎಂದೆ. "ನೀ ನಿನ್ನ ಬಸ್ಸು ನೋಡ್ಕ" ಎಂದರು.

ಬಸ್ಸಿನಲ್ಲಿ ಶಿರಾಳಕೊಪ್ಪ ದಾಟುವಾಗ ನನಗೆ ಒಂದೇ ಚಿಂತೆ. ಇವರು ದಾರಿಯಲ್ಲೇ ಎಲ್ಲಾದರೂ ನಿಲ್ಲಿಸಿ ದೋಷ ಹೇಳಿಬಿಟ್ಟರೆ? ಇದೂ ತಪ್ಪಿಹೋದರೆ ನಾಳೆ ಆ ಕೀಲಿಕೈ ಮತ್ತೆ ಇವರ ಜೇಬಿಗೆ. ಇಳಿದವಳೇ ಆಟೋ ಹಿಡಿದು ಅವನ ಮನೆ ಮುಟ್ಟಿದೆ. ಪುಣ್ಯ, ಗಾಡಿ ಅಂಗಳದಲ್ಲಿತ್ತು. ರಿಪೇರಿಯವನು ಬೆವರು ಒರೆಸಿಕೊಳ್ಳುತ್ತ ಮೆಟ್ಟಿಲ ಮೇಲೆ ಕೂತಿದ್ದ. "ಅಕ್ಕ, ದಾರಿ ತುಂಬ ಡ್ರಿಲ್ ಮಾಡ್ಸಿದ್ರು ಮಾರಾಯ್ತಿ. ಗೇರ್ ಇಳ್ಸು, ಕ್ಲಚ್ ಬಿಡು, ಹಂಪ್ ಬಂತು. ಒಂದಕ್ಕೆ ಹೋಗ್ಬೇಕು ಅಂತ ನಿಲ್ಸಿದ್ರೆ, ನೀ ಬಿಸ್ಲಲ್ಲಿ ನಿಲ್ಲು, ಗಾಡಿ ನೆರಳಿಗೆ ಹಾಕು ಅಂದ್ರು."

ಅವನ ತಾಯಿ ಆರತಿ ತಟ್ಟೆ ಹಿಡಿದು ಬಂದರು. ಗಾಡಿಗೆ ಕುಂಕುಮ ಇಟ್ಟು, "ಲಕ್ಷಣವಾಗಿ ಅದೆ" ಎಂದರು. ಮಗ ಮುಂಗಡ ತೆಗೆಯಲು ಜೇಬಿಗೆ ಕೈ ಹಾಕಿದ. ಆಗ ನಮ್ಮವರು ಅಂಗೈ ಎತ್ತಿದರು, ಶಾಲೆಯ ಮೈದಾನದಲ್ಲಿ ಸಾಲು ನಿಲ್ಲಿಸುವ ಹಾಗೆ. "ತಡಿ. ದುಡ್ಡು ಮುಟ್ಟಾಕೆ ಮುಂಚೆ ದೋಷ ಹೇಳ್ಬೇಕು. ನಮ್ಮ ಮನೆತನದ ಪದ್ಧತಿ."

ನಾನು ಸೆರಗು ಬಿಗಿ ಮಾಡಿಕೊಂಡು ಹತ್ತಿರ ಸರಿದೆ. ಮಳೆ ಅನ್ನಲಿ, ಏರು ಅನ್ನಲಿ, ಬೇರೆಯವರ ಅಂಗಳ ಎಂದು ನೋಡುವುದಿಲ್ಲ, ಅಲ್ಲೇ ಮಾನ ಹರಾಜು ಹಾಕುತ್ತೇನೆ ಎಂದು ಬಾಯಿ ಸಜ್ಜು ಮಾಡಿಕೊಂಡಿದ್ದೆ. ಇವರು ಟ್ಯಾಂಕಿನ ಮೇಲೆ ಕೈಯಿಟ್ಟರು. ಗೆಣ್ಣಿನ ಗಾಯ ಇನ್ನೂ ಕೆಂಪಾಗಿತ್ತು. ರಿಪೇರಿಯವನು ನನ್ನ ಮುಖ ನೋಡಿದ, ಅವನ ತಾಯಿ ಆರತಿ ತಟ್ಟೆ ಹಿಡಿದೇ ನಿಂತಿದ್ದರು.

"ಗಾಡಿಗೆ ಏನೂ ದೋಷ ಇಲ್ಲ" ಎಂದರು ಇವರು. "ದೋಷ ನಂದು. ನಂಗೆ ಎಡಗಡೆಯಿಂದ ಬರೋದು ಕಾಣಲ್ಲ. ಜೋಳ ಕಾಣ್ಲಿಲ್ಲ, ಇವಳನ್ನ ಕೆಡವಿದೆ. ಮೊನ್ನೆ ಟ್ರೇಲರ್ ಕಾಣ್ಲಿಲ್ಲ. ಅದಕ್ಕೇ ಮಾರ್ತಿದೀನಿ, ಇನ್ನೇನೂ ಕಾರಣ ಇಲ್ಲ."

ಸಜ್ಜು ಮಾಡಿಕೊಂಡಿದ್ದ ಬಾಯಿ ಹಾಗೇ ನಿಂತಿತು. ಡಾಕ್ಟರ ಮುಂದೆ ಆಡದ ಮಾತು, ಮಗಳ ಮುಂದೆ ಆಡದ ಮಾತು, ಗಾಯ ತೊಳೆಯುವಾಗ ನನ್ನ ಮುಂದೆಯೂ ಆಡದ ಮಾತು, ಯಾರದೋ ಮನೆಯ ಅಂಗಳದಲ್ಲಿ ಅಷ್ಟು ಸಲೀಸಾಗಿ ಬಂದುಬಿಟ್ಟಿತ್ತು. ನನಗೆ ಗೆದ್ದೆ ಎಂದು ಖುಷಿಯಾಗಬೇಕಿತ್ತು. ಆಗಲಿಲ್ಲ, ಇವರನ್ನು ಅಲ್ಲೇ ತಬ್ಬಿಕೊಳ್ಳಬೇಕು ಅನ್ನಿಸಿತು. ಈ ವಯಸ್ಸಿನಲ್ಲಿ, ಜನರ ಮುಂದೆ! ಸೆರಗಿನಿಂದ ಮೂಗು ಒರೆಸಿಕೊಂಡೆ.

ರಿಪೇರಿಯವನ ಕೈ ಇನ್ನೂ ಜೇಬಿನಲ್ಲೇ ಇತ್ತು. "ಹಾಗಾದ್ರೆ... ಗಾಡಿದು ಏನೂ ಇಲ್ಲ ಅಲ್ದಾ ಮೇಷ್ಟ್ರೇ?" ಎಂದ.

"ಏನೂ ಇಲ್ಲ. ಮಳೇಲೂ ನಿಲ್ಲಲ್ಲ, ಏರಿಗೂ ಜಗ್ಗಲ್ಲ." ಇವರು ಒಮ್ಮೆ ನನ್ನ ಕಡೆ ನೋಡಿದರು. "ಹೆಂಗಸು ಹಿಂದೆ ಕುಂತ್ರೆ ಇನ್ನೂ ಚೆನ್ನಾಗಿ ಓಡ್ತತೆ."

ನಾನು ನಕ್ಕುಬಿಟ್ಟೆ. ಆ ನಗುವಿನ ಅರ್ಥ ತಿಳಿಯದೆ ತಾಯಿ ಮಗ ಇಬ್ಬರೂ ಕಕ್ಕಾಬಿಕ್ಕಿಯಾಗಿ ನೋಡಿದರು. ಮುಂಗಡ ಕೈ ಸೇರಿತು, ಅವಲಕ್ಕಿ ತಿಂದೆವು, ಚಹಾ ಕುಡಿದೆವು. ಆರ್‌ಸಿ ಅವನ ಹೆಸರಿಗೆ ಮಾಡಿಕೊಡುವ ದಿನ ಗೊತ್ತು ಮಾಡಿಕೊಂಡೆವು. ಚೈನಿಗೆ ಎಣ್ಣೆ ಯಾವಾಗ ಹಾಕಬೇಕು, ಚೋಕ್ ಎಷ್ಟು ಎಳೆಯಬೇಕು ಎಂದು ಇವರು ಹೇಳಿದ್ದನ್ನೇ ಹೇಳಿದರು, ಅವನು ಹೂಂ ಅಂದದ್ದಕ್ಕೇ ಹೂಂ ಅಂದ. ಬಸ್ ಸ್ಟ್ಯಾಂಡಿಗೆ ಬಿಟ್ಟು ಬರುತ್ತೇನೆ ಎಂದು ಎದ್ದವನಿಗೆ, "ಬ್ಯಾಡ, ನಡ್ಕಂಡು ಹೋಗ್ತೀವಿ" ಎಂದರು.

ಹೊರಟೆವು. ಇವರು ಒಮ್ಮೆಯೂ ತಿರುಗಿ ಗಾಡಿಯ ಕಡೆ ನೋಡಲಿಲ್ಲ. ಮನೆಗೆ ಹೋಗಿ ಮಂಕಾಗಿ ಕೂರುತ್ತಾರೇನೋ ಎಂದು ನನಗೆ ಅಳುಕು. ಭಾನುವಾರವಾದರೂ ಪೇಟೆ ಬೀದಿಯಲ್ಲಿ ಗದ್ದಲ. ಅಡಿಕೆ ಮೂಟೆ ಹೇರಿದ ಲಗೇಜ್ ಆಟೋಗಳು, ಬೈಕುಗಳು, ಬಸ್ಸುಗಳು. ಎದುರಿಗೆ ಬರುವ ಗಾಡಿ ಕಾಣಲಿ ಎಂದು ಇವರು ನಡೆಯುವುದು ಯಾವಾಗಲೂ ರಸ್ತೆಯ ಬಲಬದಿಯಲ್ಲೇ. ನನ್ನನ್ನು ಒಳಗಡೆ ಹಾಕಿ, ತಾವು ಗಾಡಿ ಬರುವ ಕಡೆ, ಅಂದರೆ ನನ್ನ ಎಡಕ್ಕೆ ನಡೆಯುತ್ತಾರೆ. ಅದು ಇವರ ಶಿಸ್ತು, ಮದುವೆಯಾದ ಹೊಸದರಿಂದಲೂ ಹಾಗೇ. ಆವತ್ತೂ ಅಭ್ಯಾಸದಂತೆ ನಾನು ಒಳಗಡೆ ಇದ್ದೆ.

ಸ್ವಲ್ಪ ದೂರ ಹೋದ ಮೇಲೆ ಇವರು ನಿಂತರು.

"ನೀ ಈ ಕಡೆ ಬಾ" ಎಂದು ತಮ್ಮ ಎಡಗಡೆ ತೋರಿಸಿದರು. "ಇಲ್ಲಿಂದ ಬರೋದು ನಂಗೆ ಗೊತ್ತಾಗಲ್ಲ. ನೀ ನೋಡ್ಕ."

ನಾನು ಹಿಂದಿನಿಂದ ಸುತ್ತಿ ಬಂದು ಇವರ ಎಡಗಡೆ ನಿಂತೆ. ಗಾಯದ ಕೈ ಅಲ್ಲೇ ಇತ್ತು, ನೋವಾಗದ ಹಾಗೆ ಮಣಿಕಟ್ಟು ಹಿಡಿದುಕೊಂಡೆ. ಬಸ್ ಸ್ಟ್ಯಾಂಡಿನ ಎದುರು ರಸ್ತೆ ದಾಟಬೇಕಿತ್ತು. ಎಡಗಡೆಯಿಂದ ಒಂದು ಬೈಕು ಜೋರಾಗಿ ಬರುತ್ತಿತ್ತು.

"ನಿಲ್ಲಿ" ಎಂದೆ.

ನಿಂತರು.